ನನ್ನ ಅನುಭವ: ಆರ್‌ನಲ್ಲಿ ಹಣಕ್ಕೊಂದು ಕ್ಲಾಸ್

ಡಾಲರ್, ಯೂರೊ, ಯೆನ್ ಮೂರೂ ಸೇರಿರುವ ಟೇಬಲ್‌ನಲ್ಲಿ ಮೊತ್ತ ತಪ್ಪುವುದು ಯಾಕೆಂದರೆ, ಕೂಡಬಾರದ್ದನ್ನೂ ಆರ್ (ಅಂಕಿಅಂಶದ ಪ್ರೋಗ್ರಾಮಿಂಗ್ ಭಾಷೆ) ಚಕಾರವೆತ್ತದೆ ಕೂಡಿಬಿಡುತ್ತದೆ. 'ಕರೆನ್ಸಿಗೆ ಬೇರೆ ಕಾಲಂ ಇದ್ದರೆ ಸಾಕು, ಅದಕ್ಕೆ ಕ್ಲಾಸ್ ಯಾಕೆ?' ಅಂದವರೇ ಹೆಚ್ಚು. ಆದರೆ ಸಮ್ ಫಂಕ್ಷನ್ ಪಕ್ಕದ ಕಾಲಂ ನೋಡುವುದಿಲ್ಲವಲ್ಲ! ಸಂಖ್ಯೆಗಳ ಸಾಲಾದ ವೆಕ್ಟರ್‌ಗೇ ಕರೆನ್ಸಿಯನ್ನು ಆಟ್ರಿಬ್ಯೂಟ್ (ಜೊತೆಗಿಡುವ ಮಾಹಿತಿ ಚೀಟಿ) ಆಗಿ ಅಂಟಿಸಿದ ಎಸ್3 ಕ್ಲಾಸ್ (ಆರ್‌ನಲ್ಲಿ ನಾವೇ ಮಾಡಿಕೊಳ್ಳುವ ಸರಳ ಡೇಟಾ ಬಗೆ) ಈಗ ಗಟ್ಟಿಯಾಗಿ ನಿಂತಿದೆ. ಹದಿನಾಲ್ಕೋ ಹದಿನೈದೋ ಮೆಥಡ್ (ಆ ಕ್ಲಾಸ್‌ಗೆಂದೇ ಬರೆದ ಫಂಕ್ಷನ್), ಹೆಚ್ಚೆಂದರೆ 150 ಸಾಲು.

ಮೊದಲು ಎಡವಿದ್ದು ಡೇಟಾ ಫ್ರೇಮ್‌ನಲ್ಲಿ, ಅಂದರೆ ಆರ್‌ನ ಟೇಬಲ್‌ನಲ್ಲಿ. ಕರೆನ್ಸಿಯನ್ನು ಇಡೀ ಫ್ರೇಮ್‌ಗೆ ಅಂಟಿಸಿ, ಡೇಟಾ ಫ್ರೇಮ್‌ನ ಮುಂದೆ ನನ್ನ ಕ್ಲಾಸ್ ಹೆಸರು ಹಾಕಿದ್ದೆ. ಎರಡು ಕಾಲಂ ಆರಿಸಿದ ಕೂಡಲೇ ಆಟ್ರಿಬ್ಯೂಟ್ ಹೋಯಿತು, ಕ್ಲಾಸ್ ಹೆಸರು ಮಾತ್ರ ಉಳಿಯಿತು. ಪ್ರಿಂಟ್ ಮೆಥಡ್ ಕರೆನ್ಸಿ ಹುಡುಕಿ, ನಲ್ (ಏನೂ ಇಲ್ಲ ಎಂಬ ಉತ್ತರ) ಸಿಕ್ಕಿ, ಇಫ್ ಸಾಲಿನಲ್ಲಿ ಉದ್ದ ಸೊನ್ನೆ ಎಂಬ ಎರರ್ ಕೊಟ್ಟು ಬಿತ್ತು. ಗುಣ ಕಾಲಂನದ್ದಾದರೆ ಅದನ್ನು ಕಾಲಂಗೇ ಕಟ್ಟಬೇಕು.

ವೆಕ್ಟರ್‌ನಲ್ಲಿ ಪಾಡು ಬೇರೆ. ಚೌಕ ಬ್ರಾಕೆಟ್ ಹಾಕಿ ಮೂರು ಅಂಶ ತೆಗೆದರೆ ಆಟ್ರಿಬ್ಯೂಟ್ ಜೊತೆಗೆ ಕ್ಲಾಸೂ ಉದುರುತ್ತದೆ, ಉಳಿಯುವುದು ಹೆಸರುಗಳಷ್ಟೇ. ಮೆಥಡ್ ಬರೆದು, ಒಳಗೆ ನೆಕ್ಸ್ಟ್‌ಮೆಥಡ್ (ಆರ್‌ನ ಮಾಮೂಲಿ ಮೆಥಡ್‌ಗೆ ಕೆಲಸ ಒಪ್ಪಿಸುವ ಫಂಕ್ಷನ್) ಕರೆದು, ಬಂದದ್ದನ್ನು ಕನ್‌ಸ್ಟ್ರಕ್ಟರ್‌ನಲ್ಲಿ (ಕ್ಲಾಸ್ ಕಟ್ಟಿಕೊಡುವ ಫಂಕ್ಷನ್) ಹಾಯಿಸಿ ಮತ್ತೆ ಕಟ್ಟಿ. ಜೋಡಿ ಬ್ರಾಕೆಟ್‌ಗೂ, ಅಂಶಗಳನ್ನು ಪುನರಾವರ್ತಿಸುವ ರೆಪ್‌ಗೂ, ಪುನರಾವರ್ತನೆ ತೆಗೆಯುವ ಯುನೀಕ್‌ಗೂ ಇದೇ. ಇದಾದ ಮೇಲೆ ಸಾರ್ಟ್, ಸ್ಪ್ಲಿಟ್ ಎರಡೂ ತಾವಾಗಿಯೇ ಸರಿಹೋಗುತ್ತವೆ. ಮೀನ್ (ಸರಾಸರಿ) ಮೆಥಡ್ ಬರೆದರೆ ಮೀಡಿಯನ್ (ಮಧ್ಯಾಂಕ) ಕೂಡ.

ನಿಜವಾದ ಅಪಾಯ ಅಸೈನ್‌ಮೆಂಟ್‌ನಲ್ಲಿದೆ. ಡಾಲರ್ ವೆಕ್ಟರ್‌ನ ಎರಡನೇ ಜಾಗಕ್ಕೆ 5000 ಯೆನ್ ಹಾಕಿದರೆ ಎರರ್ ಇಲ್ಲ, ವಾರ್ನಿಂಗ್ ಇಲ್ಲ: ಅದು 5000 ಡಾಲರ್ ಆಗಿ ಕೂರುತ್ತದೆ. ಎಡಗಡೆಯ ಆಟ್ರಿಬ್ಯೂಟ್ ಉಳಿಯುತ್ತದೆ, ಬಲಗಡೆಯದು ಬರೀ ಅಂಕಿಯಾಗಿ ಒಳಗೆ ಬರುತ್ತದೆ. ಅಸೈನ್‌ಮೆಂಟ್ ಮೆಥಡ್‌ನಲ್ಲಿ ಎರಡೂ ಬದಿಯ ಕರೆನ್ಸಿ ಹೋಲಿಸಿ, ಬೇರೆಯಾದರೆ ಅಲ್ಲೇ ನಿಲ್ಲಿಸಿ. ಎನ್‌ಎ (ಬೆಲೆ ಇಲ್ಲ ಎಂಬ ಗುರುತು) ಮಾತ್ರ ಒಳಗೆ ಬಿಡಿ.

ಲೆಕ್ಕದ ಚಿಹ್ನೆಗಳಿಗೆಲ್ಲ ಆಪ್ಸ್ ಗುಂಪಿನ ಒಂದೇ ಮೆಥಡ್ ಸಾಕು. ಹಣಕ್ಕೆ ಹಣ ಕೂಡಿದರೆ ಹಣ, ಹಣವನ್ನು ಸಂಖ್ಯೆಯಿಂದ ಗುಣಿಸಿದರೆ ಹಣ, ಹಣವನ್ನು ಹಣದಿಂದ ಗುಣಿಸಿದರೆ ಎರರ್, ಭಾಗಿಸಿದರೆ ಬರೀ ಅನುಪಾತ. ಇಲ್ಲಿ ನೆಕ್ಸ್ಟ್‌ಮೆಥಡ್ ನಂಬಬೇಡಿ. ಆಟ್ರಿಬ್ಯೂಟ್‌ಗಳು ಉತ್ತರಕ್ಕೂ ನಕಲಾಗಿ, 1.25 ಎಂಬ ಅನುಪಾತ 1.25 ಡಾಲರ್ ಆಗಿಬಿಡುತ್ತದೆ. ಅನ್‌ಕ್ಲಾಸ್ ಕೂಡ ಸಾಲದು. ಅದು ಕ್ಲಾಸ್ ತೆಗೆಯುತ್ತದೆ, ಕರೆನ್ಸಿ ಅಂಟಿಕೊಂಡೇ ಇರುತ್ತದೆ. ಆಸ್ ಡಾಟ್ ವೆಕ್ಟರ್‌ನಿಂದ ಪೂರ್ತಿ ಬೋಳಿಸಿಯೇ ಲೆಕ್ಕ ಮಾಡಿ.

ಸಮ್, ಮಿನ್, ಮ್ಯಾಕ್ಸ್ ಸಮ್ಮರಿ ಗುಂಪಿನವು. ಮೀನ್ ಆ ಗುಂಪಿನಲ್ಲಿಲ್ಲ, ಬೇರೆಯಾಗಿಯೇ ಬರೆಯಬೇಕು. ಸಮ್ಮರಿ ಮತ್ತು ಸಿ (ಅಂಶಗಳನ್ನು ಜೋಡಿಸುವ ಫಂಕ್ಷನ್) ಎರಡೂ ಮೊದಲ ಆರ್ಗ್ಯುಮೆಂಟ್ ನೋಡಿ ಮೆಥಡ್ ಆರಿಸುತ್ತವೆ. ಬರೀ 100 ಮುಂದೆ ಇಟ್ಟು ಹಣ ಹಿಂದೆ ಇಟ್ಟರೆ ನಿಮ್ಮ ಕ್ಲಾಸ್ ಲೆಕ್ಕಕ್ಕೇ ಬರುವುದಿಲ್ಲ.

ಮೆಥಡ್ ಬರೆದು ಸರಿಮಾಡಲಾಗದ ಎರಡು ಕಡೆ ಇವೆ. ಇಫ್‌ಎಲ್ಸ್ ಆಟ್ರಿಬ್ಯೂಟ್ ತೆಗೆದುಕೊಳ್ಳುವುದು ಟೆಸ್ಟ್‌ನಿಂದ (ಷರತ್ತಿನಿಂದ), ಹಣದಿಂದಲ್ಲ; ಅದರ ಬದಲು ಲಾಜಿಕಲ್ ಇಂಡೆಕ್ಸ್ ಹಾಕಿ ಅಸೈನ್ ಮಾಡುತ್ತೇನೆ. ಫಾರ್ ಲೂಪ್‌ನಲ್ಲಿ ವೆಕ್ಟರನ್ನೇ ಕೊಟ್ಟರೆ ಬರೀ ಅಂಕಿ ಬರುತ್ತದೆ. ಡೇಟ್ ಕ್ಲಾಸ್‌ಗೂ ಇದೇ ಗತಿ. ಇಂಡೆಕ್ಸ್ ಮೇಲೆ ಲೂಪ್ ಓಡಿಸಿ.

ಟೇಬಲ್ ಒಳಗೆ ಚೆನ್ನಾಗಿ ಕಾಣಬೇಕೆಂದರೆ ಪ್ರಿಂಟ್ ಅಲ್ಲ, ಫಾರ್ಮ್ಯಾಟ್ ಮೆಥಡ್ ಬರೆಯಿರಿ. ಡೇಟಾ ಫ್ರೇಮ್ ಒಂದೊಂದು ಕಾಲಂಗೂ ಅದನ್ನೇ ಕರೆಯುವುದು. ದಶಮಾಂಶ ಸ್ಥಾನ ಕರೆನ್ಸಿಯ ಮೇಲೆ ನಿಲ್ಲಲಿ: ಯೆನ್‌ಗೆ 0, ಡಾಲರ್‌ಗೆ 2, ಕುವೈತ್ ದಿನಾರ್‌ಗೆ 3.

ನಡುವೆ ಇನ್ನೊಂದು ಪ್ರಯೋಗ: 0.1ಕ್ಕೆ 0.2 ಕೂಡಿದರೆ 0.3ಕ್ಕೆ ಸಮ ಬಾರದ ಕಾಟಕ್ಕೆ ಎಲ್ಲವನ್ನೂ ಸೆಂಟ್‌ನಲ್ಲಿ ಇಂಟಿಜರ್ ಆಗಿ ಇಟ್ಟು ನೋಡಿದೆ. ಆರ್‌ನ ಇಂಟಿಜರ್ 32 ಬಿಟ್, ಗರಿಷ್ಠ 2,14,74,83,647. ಸೆಂಟ್ ಲೆಕ್ಕದಲ್ಲಿ ಎರಡು ಕೋಟಿ ಹದಿನಾಲ್ಕು ಲಕ್ಷ ಡಾಲರ್ ಚಿಲ್ಲರೆ ದಾಟಿದ ಕೂಡಲೇ ಎನ್‌ಎ. ಈಗ ಸೆಂಟನ್ನೇ ಡಬಲ್‌ನಲ್ಲಿ (ದಶಮಾಂಶವನ್ನೂ ಹಿಡಿಯುವ ಸಂಖ್ಯೆಯ ಬಗೆ) ಇಡುತ್ತೇನೆ. 2ರ 53ನೇ ಘಾತದವರೆಗೆ ಪೂರ್ಣಾಂಕ ಕೆಡುವುದಿಲ್ಲ. ಆರ್‌ನ ಇನ್ನೊಂದು ಕ್ಲಾಸ್ ಪದ್ಧತಿ ಎಸ್4 ಕೂಡ ನೋಡಿಯಾಯಿತು. ನ್ಯೂಮರಿಕ್ ಮೇಲೆ ಕಟ್ಟಿದರೂ ಬ್ರಾಕೆಟ್ ಹಾಕಿದಾಗ ಅದೇ ಬೋಳು ಸಂಖ್ಯೆ, ಕೆಲಸ ಮಾತ್ರ ದುಪ್ಪಟ್ಟು.

ವಿನಿಮಯ ದರವನ್ನು ತಾರೀಖಿನ ಜೊತೆ ಕಟ್ಟುವ ಭಾಗ ಇಲ್ಲಿ ಬಿಟ್ಟಿದ್ದೇನೆ, ಅದು ನನ್ನ ಕೈಯಲ್ಲೇ ಇರಲಿ.

ಇನ್ನು ವೇಗದ ಮಾತು. ವೆಕ್ಟರ್ ಲೆಕ್ಕದಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಲಕ್ಷ ಸುತ್ತಿನ ಲೂಪ್ ಒಳಗೆ ಬ್ರಾಕೆಟ್ ಮೆಥಡ್ ಲಕ್ಷ ಸಲ ಓಡುತ್ತದೆ; ಗಂಟೆ ಲೆಕ್ಕದ ಬಾಡಿಗೆ ಯಂತ್ರವಾದರೆ ಬಿಲ್ ಏರುವುದು ಅಲ್ಲಿಯೇ. ಲೂಪ್‌ಗೆ ಮುಂಚೆ ಕರೆನ್ಸಿ ಪರೀಕ್ಷಿಸಿ, ಬೋಳಿಸಿ ಒಳಗೆ ಬಿಟ್ಟು, ಹೊರಬಂದ ಮೇಲೆ ಒಂದೇ ಸಲ ಕನ್‌ಸ್ಟ್ರಕ್ಟರ್ ಕರೆಯಿರಿ.