ಬಿರುಕು ಬಿಟ್ಟ ಪ್ಲೇಟಿನಿಂದ ಡಾಕ್ ಬಾಗ್ಸ್‌ನ ಬ್ಯಾಂಜೋ

ನಿಮಿಷಕ್ಕೆ 78 ಸುತ್ತು ತಿರುಗಬೇಕಾದ ಹಳೇ ಗ್ರಾಮಫೋನ್ ಪ್ಲೇಟನ್ನು 45 ಸುತ್ತಿನಲ್ಲಿ ಓಡಿಸಿ ರೆಕಾರ್ಡ್ ಮಾಡಿ, ಆಮೇಲೆ ಕಂಪ್ಯೂಟರಿನಲ್ಲಿ ವೇಗ ಏರಿಸುತ್ತೇನೆ ಅಂದಾಗ ಗೆಳೆಯರು ನಕ್ಕಿದ್ದರು. ಬೇಸ್ ಹೋಗುತ್ತೆ, ದನಿ ತೆಳ್ಳಗಾಗುತ್ತೆ ಅಂತ. ಈಗ ಫೈಲ್ ಕೇಳುತ್ತಿದ್ದಾರೆ.

ಡಾಕ್ ಬಾಗ್ಸ್ ಅಮೆರಿಕದ ವರ್ಜೀನಿಯಾದ ನಾರ್ಟನ್ ಕಡೆಯ ಕಲ್ಲಿದ್ದಲು ಗಣಿ ಕೆಲಸಗಾರ, ಬ್ಯಾಂಜೋ ಎಂಬ ತಂತಿವಾದ್ಯ ನುಡಿಸಿ ಹಾಡುತ್ತಿದ್ದವನು. 1927ರಲ್ಲಿ ನ್ಯೂಯಾರ್ಕಿಗೆ ಹೋಗಿ ಬ್ರನ್ಸ್‌ವಿಕ್ ರೆಕಾರ್ಡ್ ಕಂಪನಿಗೆ ಎಂಟು ಹಾಡು ಹಾಡಿ ಬಂದ. ನನಗೆ ಸಿಕ್ಕಿದ್ದು ‘ಶುಗರ್ ಬೇಬಿ’ ಇರುವ ಪ್ಲೇಟು. ಅಂಚಿನಿಂದ ಲೇಬಲ್‌ವರೆಗೆ ಬಿರುಕು, ಹಾಗಾಗಿ ನೂರು ಡಾಲರ್ ಆಸುಪಾಸಿಗೆ ಬಂತು. ಮೂರು ಸೈಜಿನ ಸೂಜಿಗಳಿಗೆ ಅದರ ಡಬಲ್ ಹೋಯಿತು. ಮನೆಯಲ್ಲಿ ಪೂರ್ತಿ ಲೆಕ್ಕ ಹೇಳಿಲ್ಲ.

78ರಲ್ಲಿ ಸೂಜಿ ಬಿರುಕಿನ ಹತ್ತಿರ ಬಂದು ಹಾರುತ್ತಿತ್ತು. ಭಾರ ಜಾಸ್ತಿ ಮಾಡಿದರೂ ಅಷ್ಟೇ. 45ಕ್ಕೆ ಇಳಿಸಿದಾಗ ಸಲೀಸಾಗಿ ದಾಟಿತು. ಆದರೆ ಮೊದಲ ಫೈಲು ಡಬ್ಬದೊಳಗೆ ಕೂತು ಹಾಡಿದ ಹಾಗಿತ್ತು. ಸೂಜಿಯ ಸದ್ದು ಹಿಗ್ಗಿಸುವ ಪ್ರೀಆಂಪ್ ತನ್ನ ಆರ್‌ಐಎಎ ಕರ್ವ್ (ಎಲ್‌ಪಿ ಪ್ಲೇಟುಗಳಿಗೆ ಗೊತ್ತುಮಾಡಿದ ಬೇಸ್-ಟ್ರೆಬಲ್ ಹೊಂದಾಣಿಕೆ) ಹಾಕುತ್ತಲ್ವಾ? ಅದನ್ನು ಬಿಟ್ಟು ಫ್ಲ್ಯಾಟ್ ಆಗಿ ತೆಗೆದು, ಸುಮಾರು 1.73 ಪಟ್ಟು ವೇಗ ಏರಿಸಿ, ಆಮೇಲೆ ಈಕ್ಯೂ, ಅಂದರೆ ಬೇಸ್-ಟ್ರೆಬಲ್ ಸರಿ ಮಾಡಿದೆ. ಸುಮ್ನೆ 33ರಲ್ಲೂ ನೋಡಿದೆ. ಸೂಜಿ ಹಿಡಿಯುವ ಟೋನ್‌ಆರ್ಮಿನ ಗುಂಯ್ ಸದ್ದು ಕೆಳಗಿನ ಸ್ವರಗಳಿಗೆ ಮೆತ್ತಿಕೊಂಡು ಕೆಟ್ಟಿತು.

ನಿಜವಾದ ತಲೆನೋವು ಟಕ್ ಟಕ್ ಸದ್ದು. ಸಾಫ್ಟ್‌ವೇರಿನಲ್ಲಿ ಇಂಥ ಸದ್ದು ತಾನೇ ಅಳಿಸುವ ಡಿಕ್ಲಿಕ್ ಒತ್ತಿದರೆ ಬಿರುಕಿನ ಸದ್ದಿನ ಜೊತೆ ಬ್ಯಾಂಜೋ ತಂತಿಗೆ ಬಿದ್ದ ಮೊದಲ ಏಟೂ ಹೋಯಿತು. ಸಾಫ್ಟ್‌ವೇರಿಗೆ ಎರಡೂ ಒಂದೇ. ಬಾಗ್ಸ್ ತಾನು ಹಾಡುವ ರಾಗವನ್ನೇ ಬೆರಳಿನಲ್ಲಿ ಒಂದೊಂದೇ ತಂತಿ ಮೀಟಿ ನುಡಿಸುತ್ತಾನೆ. ಆ ಏಟು ಹೋದ ಮೇಲೆ ಕೇಳುವುದಕ್ಕೆ ಏನಿದೆ? ಕೊನೆಗೆ ಕೈಯಲ್ಲೇ ಕೂತು ಅಳಿಸಿದೆ. ಸುತ್ತಿಗೊಂದು ಟಕ್, ಮೂರು ನಿಮಿಷಕ್ಕೆ 230ರ ಹತ್ತಿರ. ಬಿರುಕಿನ ಟಕ್ ಅಳತೆ ಹಿಡಿದು ಬರುತ್ತದೆ, ಬೆರಳಿನದು ಹಾಗಲ್ಲ. ಇಷ್ಟು ಗೊತ್ತಾದ ಮೇಲೆ ಕೈ ಓಡಿತು.

1963ರಲ್ಲಿ ಜಾನಪದ ಸಂಗೀತಗಾರ ಮೈಕ್ ಸೀಗರ್ ಬಾಗ್ಸ್‌ನನ್ನು ಹುಡುಕಿ ಮತ್ತೆ ರೆಕಾರ್ಡ್ ಮಾಡಿದ. ಆ ಹಾಡುಗಳ ಶ್ರುತಿಗೆ ಹೋಲಿಸಿ ನನ್ನ ಪ್ಲೇಟಿನ ವೇಗ ಪಕ್ಕಾ ಮಾಡೋಣ ಅಂತಲೂ ಹೊರಟಿದ್ದೆ. ಕೆಲಸಕ್ಕೆ ಬರಲಿಲ್ಲ. ಅಷ್ಟು ವರ್ಷ ಕಳೆದ ಗಂಟಲನ್ನು ನಂಬಿ ಶ್ರುತಿ ಹಿಡಿಯುವುದು ಹೇಗೆ? 78ಕ್ಕೇ ಬಿಟ್ಟೆ.

ಹಾಂ, ತೊಳೆಯುವಾಗ ಸ್ಪಿರಿಟ್ ಮುಟ್ಟಬೇಡಿ, ಪ್ಲೇಟಿನ ಅರಗು ಕರಗಿಹೋಗುತ್ತೆ. ಯಾವ ಸೈಜಿನ ಸೂಜಿ ಗೆದ್ದಿತು, ಈಕ್ಯೂನಲ್ಲಿ ಬೇಸ್ ಏರಿಸಲು ಶುರುಮಾಡುವ ಟರ್ನ್‌ಓವರ್ ಎಷ್ಟಕ್ಕಿಟ್ಟೆ, ಅದನ್ನು ಮಾತ್ರ ಹೇಳುವುದಿಲ್ಲ. ಸೂಜಿಗೆ ಹಾಕಿದ ದುಡ್ಡು ಇನ್ನೂ ವಾಪಸ್ ಬಂದಿಲ್ಲ.