ಗಾಂಜಾ ಸೇವನೆಯ ಪರಿಣಾಮಗಳನ್ನು ಗುರುತಿಸಿ, ಸರಿಯಾದ ರೋಗನಿರ್ಣಯ ಮಾಡಿಸುವ ಬಗೆ

ಮಗನ ನಡೆ ಬದಲಾಯಿತೆಂದು ಕಂಡಾಗ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಮನೆಗಳವರು ಗಾಳಿ ಸೋಕಿದೆಯೆಂದು ದೇವರ ಬಳಿ ಕೇಳಿಸಲು ಒಯ್ಯುತ್ತಾರೆ. ಇಲ್ಲವೇ ಲ್ಯಾಬಿನಲ್ಲಿ ಮೂತ್ರ ಪರೀಕ್ಷೆ ಮಾಡಿಸಿ, ಕೈಗೆ ಬಂದ ಚೀಟಿಯನ್ನೇ ತೀರ್ಪೆಂದು ಹಿಡಿಯುತ್ತಾರೆ. ಈ ಎರಡರಿಂದಲೂ ರೋಗನಿರ್ಣಯ ಆಗುವುದಿಲ್ಲ. ಗಾಂಜಾ ಸಂಬಂಧಿತ ತೊಂದರೆಯನ್ನು ಖಚಿತಪಡಿಸುವುದು ಸಮಾಧಾನದಿಂದ ಕೇಳಿ ಪಡೆದ ವಿವರ. ಪರೀಕ್ಷೆ ಅದಕ್ಕೆ ಆಸರೆ ಮಾತ್ರ.

ಮೊದಲು ತಿಳಿಯಬೇಕಾದದ್ದು, ಯಾವ ರೂಪದಲ್ಲಿ ಮತ್ತು ಯಾವಾಗ ಸೇವಿಸಿದ್ದು ಎಂಬುದು. ಬೀಡಿ, ಸಿಗರೇಟು ಅಥವಾ ಚಿಲುಮೆಯಲ್ಲಿ ಸೇದಿದರೆ ಅಮಲು ಕೆಲವೇ ನಿಮಿಷಗಳಲ್ಲಿ ಏರಿ, ಸಾಮಾನ್ಯವಾಗಿ 2ರಿಂದ 4 ಗಂಟೆಗಳಲ್ಲಿ ಇಳಿಯುತ್ತದೆ. ಭಂಗಿಯನ್ನು ಕುಡಿದರೆ ಅಥವಾ ತಿಂದರೆ ಅರ್ಧ ಗಂಟೆಯಿಂದ 2 ಗಂಟೆಯವರೆಗೆ ಏನೂ ಕಾಣಿಸದೆ, ನಂತರ 8 ಗಂಟೆಗಿಂತಲೂ ಹೆಚ್ಚು ಕಾಲ ಉಳಿಯಬಹುದು. ಏನೂ ಆಗಲಿಲ್ಲವೆಂದು ಹೋಳಿಯ ದಿನ ಎರಡನೆಯ ಲೋಟ ಕುಡಿದವರು ಸಂಜೆಗೆ ಆಸ್ಪತ್ರೆ ಸೇರುವುದು ಈ ಕಾರಣಕ್ಕೇ.

ಅಮಲಿನಲ್ಲಿರುವವನ ಕಣ್ಣು ಕೆಂಪಾಗಿರುತ್ತದೆ, ಬಾಯಿ ಒಣಗುತ್ತದೆ, ನಾಡಿ ಜೋರಾಗಿ ಬಡಿಯುತ್ತದೆ, ಹಸಿವು ಹೆಚ್ಚುತ್ತದೆ. ಇವುಗಳಲ್ಲಿ ಕನಿಷ್ಠ ಎರಡು ಇದ್ದು, ಜೊತೆಗೆ ಅತಿಯಾದ ಉಲ್ಲಾಸ, ಗಾಬರಿ, ನಡಿಗೆಯಲ್ಲಿ ತಡವರಿಕೆ ಅಥವಾ ಹೊತ್ತು ಸಾಗುತ್ತಲೇ ಇಲ್ಲವೆಂಬ ಅನುಭವ ಕಂಡರೆ ವೈದ್ಯರು ಗಾಂಜಾ ಅಮಲನ್ನು ಶಂಕಿಸುತ್ತಾರೆ. ಕಣ್ಣು ಕೆಂಪಾಗಿರುವುದೊಂದನ್ನೇ ನೋಡಿ ಹುಡುಗನ ಮೇಲೆ ಆರೋಪ ಹೊರಿಸಬಾರದು. ಧೂಳು, ನಿದ್ದೆಗೇಡು, ಕಣ್ಣುಬೇನೆ ಯಾವುದರಿಂದಲೂ ಅದು ಆಗಬಹುದು.

ಕೆಲವು ಸ್ಥಿತಿಗಳಲ್ಲಿ ಕಾಯಬಾರದು. ಭಂಗಿಯಲ್ಲಿ ದತ್ತೂರಿ ಬೆರೆತಿದ್ದರೆ ಕಣ್ಣಿನ ಪಾಪೆ ತುಂಬ ಹಿಗ್ಗುತ್ತದೆ, ಮೈ ಒಣಗಿ ಕಾಯುತ್ತದೆ, ರೋಗಿ ಬಡಬಡಿಸುತ್ತಾನೆ. ಚಿಕ್ಕ ಮಕ್ಕಳು ತಿಳಿಯದೆ ತಿಂದಾಗ ಎಬ್ಬಿಸಿದರೂ ಏಳದಂಥ ಮಂಪರು ಬಂದು ಉಸಿರು ಕುಗ್ಗಬಹುದು. ಇವರನ್ನೂ, ಎದೆನೋವು ಎನ್ನುವವರನ್ನೂ, ಸಾಯುವ ಮಾತಾಡುವವರನ್ನೂ ತಕ್ಷಣ ತುರ್ತು ಚಿಕಿತ್ಸೆಗೆ ಒಯ್ಯಬೇಕು; 108ಕ್ಕೆ ಕರೆ ಮಾಡಬೇಕು.

ವರ್ಷಗಟ್ಟಲೆ ಹೆಚ್ಚುಕಡಿಮೆ ದಿನವೂ ಸೇದುವವರಲ್ಲಿ ಬರುವ ಒಂದು ತೊಂದರೆ ಬಹಳ ಸಲ ತಪ್ಪಿಹೋಗುತ್ತದೆ. ಹೊಟ್ಟೆನೋವಿನೊಂದಿಗೆ ವಾಂತಿ ಮೇಲಿಂದ ಮೇಲೆ ಬರುತ್ತದೆ. ಎಂಡೋಸ್ಕೋಪಿ, ಸ್ಕ್ಯಾನಿಂಗ್ ಎಲ್ಲವೂ ಸರಿಯಾಗಿರುತ್ತವೆ. ಆ್ಯಸಿಡಿಟಿ ಮಾತ್ರೆಯಿಂದ ಪ್ರಯೋಜನವಾಗುವುದಿಲ್ಲ. ಸುಳಿವು ಸಿಗುವುದು ಬಚ್ಚಲಮನೆಯಲ್ಲಿ. ಸುಡುನೀರು ಮೈಮೇಲೆ ಬೀಳುತ್ತಿರುವಷ್ಟು ಹೊತ್ತು ಮಾತ್ರ ಆರಾಮ ಸಿಗುವುದರಿಂದ, ರೋಗಿ ದಿನಕ್ಕೆ ನಾಲ್ಕೈದು ಸಲ ಸ್ನಾನಕ್ಕೆ ಹೋಗುತ್ತಾನೆ. ಬೇಸಿಗೆಯಲ್ಲಿಯೂ ಮಗ ಹಂಡೆ ಬರಿದು ಮಾಡುತ್ತಾನೆ, ಮಧ್ಯರಾತ್ರಿ ಒಲೆ ಹಚ್ಚುತ್ತಾನೆ ಎಂದು ತಾಯಿ ಹೇಳಿದರೆ ಆ ಮಾತನ್ನು ಕೇಸ್‌ ಶೀಟಿನಲ್ಲಿ ಬರೆದುಕೊಳ್ಳಬೇಕು. ಗಾಂಜಾ ಪೂರ್ತಿ ಬಿಟ್ಟ ಮೇಲೆ ವಾಂತಿ ನಿಂತು ಮರಳಿ ಬಾರದಿದ್ದರೆ ರೋಗನಿರ್ಣಯ ಗಟ್ಟಿಯಾಗುತ್ತದೆ.

ಇನ್ನು ಮೂತ್ರ ಪರೀಕ್ಷೆ. ಅದು ಹುಡುಕುವುದು ಗಾಂಜಾದ ಅಮಲಿನ ಅಂಶವಾದ ಟಿಎಚ್‌ಸಿಯನ್ನು ದೇಹ ಒಡೆದಾಗ ಉಳಿಯುವ ವಸ್ತುವನ್ನು. ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬೀಳುವ ಕಾರಣ, ಒಮ್ಮೆ ಸೇದಿದವರಲ್ಲಿ ಅದು ಸುಮಾರು 3 ದಿನ ಕಂಡರೆ, ಬಹುಕಾಲ ವಿಪರೀತ ಸೇದಿದವರಲ್ಲಿ 30 ದಿನಗಳನ್ನೂ ಮೀರಬಹುದು. ಆದ್ದರಿಂದ ಪಾಸಿಟಿವ್ ಬಂದರೆ ಈ ಹಿಂದೆ ಸೇವಿಸಿದ್ದಾನೆಂದು ತಿಳಿಯುತ್ತದೆಯೇ ಹೊರತು, ಈಗ ಅಮಲಿನಲ್ಲಿದ್ದಾನೆಂದಾಗಲಿ ಚಟಕ್ಕೆ ಬಿದ್ದಿದ್ದಾನೆಂದಾಗಲಿ ಹೇಳಲಾಗದು. ಮೂತ್ರದಲ್ಲಿ ಅದ್ದುವ ಪಟ್ಟಿಯಿಂದ ಮಾಡುವ ಪ್ರಾಥಮಿಕ ಪರೀಕ್ಷೆಯಲ್ಲಿ ಆ್ಯಸಿಡಿಟಿಯ ಪ್ಯಾಂಟೊಪ್ರಜೋಲ್, ಎಚ್‌ಐವಿಯ ಎಫಾವಿರೆಂಜ್‌ನಂಥ ಔಷಧಿಗಳಿಂದ ಸುಳ್ಳು ಪಾಸಿಟಿವ್ ಬರುವುದುಂಟು. ನೌಕರಿ ಅಥವಾ ಕೋರ್ಟಿನ ಪ್ರಶ್ನೆಯಿದ್ದರೆ ಮಾಸ್ ಸ್ಪೆಕ್ಟ್ರೊಮೆಟ್ರಿ ಎಂಬ, ಅಣುಗಳ ತೂಕ ಅಳೆದು ವಸ್ತುವನ್ನು ಗುರುತಿಸುವ ವಿಧಾನದಿಂದ ಖಚಿತಪಡಿಸಲೇಬೇಕು. ಮಗನಿಗೆ ಹೇಳದೆ ಕದ್ದು ಮಾಡಿಸುವ ಪರೀಕ್ಷೆಯಿಂದ ಕೆಡುವುದೇ ಹೆಚ್ಚು, ಏಕೆಂದರೆ ಮುಂದೆ ಅವನು ವೈದ್ಯರೆದುರಿಗೂ ಬಾಯಿ ಬಿಡುವುದಿಲ್ಲ.

ಚಟದ ನಿರ್ಣಯಕ್ಕೆ 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಹೊರತಂದ ಡಿಎಸ್‌ಎಂ-5 ಕೈಪಿಡಿ 11 ಮಾನದಂಡಗಳನ್ನು ಕೊಡುತ್ತದೆ. ಅಂದುಕೊಂಡದ್ದಕ್ಕಿಂತ ಹೆಚ್ಚು ಸೇದುವುದು, ಬಿಡಬೇಕೆಂದರೂ ಆಗದಿರುವುದು, ತಲಬು, ಕೆಲಸ ಅಥವಾ ಓದು ಕೆಡುವುದು, ಗಾಡಿ ಓಡಿಸುವಂಥ ಅಪಾಯದ ಹೊತ್ತಿನಲ್ಲಿಯೂ ಸೇದುವುದು ಅವುಗಳಲ್ಲಿ ಕೆಲವು. 12 ತಿಂಗಳ ಅವಧಿಯಲ್ಲಿ 2-3 ಕಂಡರೆ ಸೌಮ್ಯ, 4-5 ಕಂಡರೆ ಮಧ್ಯಮ, 6 ಅಥವಾ ಹೆಚ್ಚಿದ್ದರೆ ತೀವ್ರ. ಇವನ್ನು ತಂದೆಯನ್ನು ಎದುರಿಗೆ ಕೂರಿಸಿಕೊಂಡು ಕೇಳಿದರೆ ನಿಜ ಹೊರಬರುವುದಿಲ್ಲ. ಹುಡುಗನೊಬ್ಬನನ್ನೇ ಒಳಗೆ ಕರೆದು, “ತಮ್ಮಾ, ಕಡೀಗೆ ಯಾವಾಗ ಸೇದಿದಿ? ಒಬ್ಬನ ಸೇದತಿಯೋ, ಗೆಳೆಯರ ಜೋಡಿನೋ?” ಎಂದು ಆರಂಭಿಸಿದರೆ ಉಳಿದ ಮಾತು ತಾನಾಗಿ ಬರುತ್ತದೆ. ತಂಬಾಕು, ಮದ್ಯ, ನಿದ್ದೆಮಾತ್ರೆಗಳ ಬಗ್ಗೆಯೂ ಅದೇ ಹೊತ್ತಿಗೆ ಕೇಳಬೇಕು.

ಯಾರೋ ಬೆನ್ನು ಹತ್ತಿದ್ದಾರೆ, ಕಿವಿಯಲ್ಲಿ ಧ್ವನಿ ಕೇಳುತ್ತದೆ ಎಂದರೆ ಮನೋವೈದ್ಯರ ತಪಾಸಣೆ ಅನಿವಾರ್ಯ. ಗಾಂಜಾ ನಿಲ್ಲಿಸಿ ಒಂದು ತಿಂಗಳಾದರೂ ಇವು ಉಳಿದರೆ ಸ್ಕಿಜೋಫ್ರೇನಿಯಾದಂಥ ಸ್ವತಂತ್ರ ಮನೋರೋಗವನ್ನು ಪರಿಗಣಿಸಬೇಕಾಗುತ್ತದೆ.

ಪೊಲೀಸರ ಭಯದಿಂದ ಆಸ್ಪತ್ರೆಗೆ ಹೋಗದವರು ತಿಳಿದಿರಲಿ: 1985ರ ಮಾದಕ ವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಮಾದಕ ವಸ್ತುವಿಗೆ ಸಂಬಂಧಿಸಿದ ಆರೋಪವಿರುವ ವ್ಯಸನಿಯು ಸ್ವಇಚ್ಛೆಯಿಂದ ಸರ್ಕಾರಿ ಇಲ್ಲವೇ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ಮೊದಲು ತೋರಿಸಿ. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಹೋಗುವ ಮುನ್ನ ಮಾತಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕನ್ನಡದಲ್ಲಿಯೇ ಕರೆ ಮಾಡಬಹುದು.

ಗಾಂಜಾ ಬಿಟ್ಟ ಒಂದೆರಡು ದಿನಗಳಲ್ಲಿಯೇ ಸಿಡುಕು, ನಿದ್ದೆಗೇಡು, ಊಟ ಸೇರದಿರುವುದು, ಬೆವರುವುದು ಶುರುವಾಗಿ ಮೊದಲ ವಾರದಲ್ಲಿ ಜೋರಾಗುತ್ತವೆ. ಹೆಚ್ಚಿನವು ಎರಡು ವಾರಗಳಲ್ಲಿ ಇಳಿಯುತ್ತವೆ. ನಿದ್ದೆ ಸರಿಹೋಗಲು ತಿಂಗಳು ಮೀರಬಹುದು. ಆ ದಿನಗಳ ನಿದ್ದೆ, ಊಟ, ಸಿಟ್ಟನ್ನು ಮನೆಯವರು ತಾರೀಖು ಸಹಿತ ಒಂದು ವಹಿಯಲ್ಲಿ ಬರೆದಿಟ್ಟು ಮುಂದಿನ ಭೇಟಿಗೆ ಒಯ್ದರೆ, ಔಷಧಿ ಬೇಕೇ ಬೇಡವೇ ಎಂದು ವೈದ್ಯರು ಅದನ್ನು ನೋಡಿ ತೀರ್ಮಾನಿಸಬಹುದು.