ಅರವತ್ತು ಅಶ್ವಶಕ್ತಿಯ ಪಾಂಡಾ, ಆಲ್ಪ್ಸ್‌ನ ಘಾಟಿ

ಫಿಯಟ್ ಪಾಂಡಾ 1.2ರ ಅಂಕಿಅಂಶ ಓದಿದ ಯಾರಿಗೂ ಅದನ್ನು ಓಡಿಸುವ ಆಸೆ ಹುಟ್ಟುವುದಿಲ್ಲ. 1242 ಸಿಸಿ ಪೆಟ್ರೋಲ್ ಎಂಜಿನ್, ಸಿಲಿಂಡರಿಗೆ ಎರಡೇ ವಾಲ್ವ್, 5000 ಆರ್‌ಪಿಎಂನಲ್ಲಿ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳ ಲೆಕ್ಕ) 60 ಅಶ್ವಶಕ್ತಿ. ನಿಂತಲ್ಲಿಂದ 100 ಕಿಲೋಮೀಟರ್ ವೇಗ ಮುಟ್ಟಲು 14 ಸೆಕೆಂಡ್, ಗರಿಷ್ಠ ವೇಗ 155. ಇಟಲಿಯ ಟ್ಯೂರಿನ್‌ಗೆ ಕೆಲಸಕ್ಕೆ ಬಂದ ಮೇಲೆ ನಾನು ಕೊಂಡದ್ದು ಇದೇ ಕಾರನ್ನು, ಅದೂ ಸೆಕೆಂಡ್ ಹ್ಯಾಂಡ್. 2003ರಲ್ಲಿ ಪೋಲೆಂಡಿನ ಕಾರ್ಖಾನೆಯಿಂದ ಹೊರಬರತೊಡಗಿ, ಮರುವರ್ಷ ಯುರೋಪಿನ ‘ವರ್ಷದ ಕಾರು’ ಪ್ರಶಸ್ತಿ ಪಡೆದ ಎರಡನೇ ತಲೆಮಾರಿನ ಪಾಂಡಾ ಅದು. ಇಷ್ಟು ವರ್ಷ ಓಡಿಸಿದ ಮೇಲೆ ನನ್ನ ಅಭಿಪ್ರಾಯ ಇಷ್ಟು: ಆ 14 ಸೆಕೆಂಡಿನ ಲೆಕ್ಕ ಈ ಕಾರಿನ ಬಗ್ಗೆ ಹೇಳುವುದು ತೀರಾ ಕಡಿಮೆ. ಅದರ ಜೀವ ಇರುವುದು 30ರಿಂದ 80 ಕಿಲೋಮೀಟರ್ ವೇಗದ ನಡುವೆ.

ಕೊಳ್ಳುವಾಗ ಇಷ್ಟೆಲ್ಲ ಯೋಚಿಸಿರಲಿಲ್ಲ, ಕಾನೂನೇ ನನ್ನ ಪರವಾಗಿ ಆಯ್ಕೆ ಮಾಡಿಬಿಟ್ಟಿತ್ತು. ಭಾರತದ ಡ್ರೈವಿಂಗ್ ಲೈಸೆನ್ಸನ್ನು ಇಟಲಿಯದಕ್ಕೆ ಬದಲಾಯಿಸಿಕೊಡುವ ಒಪ್ಪಂದ ಎರಡು ದೇಶಗಳ ನಡುವೆ ಇಲ್ಲ. ಇಲ್ಲಿನ ನಿವಾಸಿಯಾಗಿ ಒಂದು ವರ್ಷ ಕಳೆದರೆ ನಮ್ಮ ಲೈಸೆನ್ಸ್ ನಡೆಯುವುದಿಲ್ಲ. ಆಗುಂಬೆ ಘಾಟಿಯಲ್ಲಿ ಹೇರ್‌ಪಿನ್ ತಿರುವು ಹತ್ತಿಸಿ ಕೈ ಪಳಗಿದವನಾದರೂ ಸರಿ, ಇಟಾಲಿಯನ್ ಭಾಷೆಯಲ್ಲೇ ಲಿಖಿತ ಪರೀಕ್ಷೆ ಬರೆದು ಹೊಸಬನಂತೆ ಲೈಸೆನ್ಸ್ ಪಡೆಯಬೇಕು. ಹಾಗೆ ಪಡೆದವನು ಮೊದಲ ವರ್ಷ ಟನ್ ತೂಕಕ್ಕೆ 55 ಕಿಲೋವಾಟ್ ಮೀರಿದ ಕಾರು ಓಡಿಸುವಂತಿಲ್ಲ ಎಂಬುದು ಆಗಿನ ನಿಯಮ. ಈಗ ಆ ಮಿತಿ ಸಡಿಲವಾಗಿದೆ. 44 ಕಿಲೋವಾಟಿನ, ಅಂದರೆ 60 ಅಶ್ವಶಕ್ತಿಯ ಪಾಂಡಾ ಆರಾಮವಾಗಿ ಆ ಗೆರೆಯೊಳಗಿತ್ತು. ಮೇಲಾಗಿ ಇಲ್ಲಿ ವಾಹನ ತೆರಿಗೆಯನ್ನು ಕಟ್ಟುವುದೂ ಕಿಲೋವಾಟ್ ಲೆಕ್ಕದಲ್ಲೇ. ನನ್ನ ಕಾರಿಗೆ ಕಿಲೋವಾಟಿಗೆ 2.58 ಯೂರೋ, ಅಂದರೆ ವರ್ಷಕ್ಕೆ 114 ಯೂರೋಗೂ ಒಂದಿಷ್ಟು ಕಡಿಮೆ.

ಬಾನೆಟ್ಟಿನ ಕೆಳಗಿರುವುದು ಫೈರ್ ಎಂಬ ಹೆಸರಿನ ಎಂಜಿನ್. 1985ರಲ್ಲಿ ಮೊದಲು ಬಂದದ್ದು, ಹೆಚ್ಚಿನ ಜೋಡಣೆಯನ್ನು ರೋಬಾಟ್‌ಗಳೇ ಮಾಡುವಂತೆ ಕಡಿಮೆ ಬಿಡಿಭಾಗಗಳಲ್ಲಿ ರೂಪಿಸಿದ್ದು. ಭಾರತದವರಿಗೂ ಇದರ ಬಳಗ ಅಪರಿಚಿತವಲ್ಲ. ನಮ್ಮಲ್ಲಿ ಪುಂಟೋ 1.2 ಮತ್ತು 1.4 ಪೆಟ್ರೋಲ್ ಕಾರುಗಳಲ್ಲಿದ್ದದ್ದು ಇದರ ದಾಯಾದಿಗಳೇ. ಆ ಪುಂಟೋ 1.2 ಓಡಿಸಿದವರು ‘ಎಳೆಯುವುದೇ ಇಲ್ಲ’ ಎಂದು ದೂರುತ್ತಿದ್ದರು. ದೂರು ಸುಳ್ಳಲ್ಲ. ಆದರೆ ಅಲ್ಲಿ 68 ಅಶ್ವಶಕ್ತಿ ಹೊತ್ತು ತಿರುಗಬೇಕಾದದ್ದು 1100 ಕೆಜಿಗೂ ಮೀರಿದ ದೇಹವನ್ನು. ಪಾಂಡಾದ ತೂಕ ಸುಮಾರು 860 ಕೆಜಿ. ಉದ್ದ ಮೂರೂವರೆ ಮೀಟರ್ ಮತ್ತು ಎರಡು ಬೆರಳು. ಎಂಟು ಅಶ್ವಶಕ್ತಿ ಕಡಿಮೆಯಿದ್ದರೂ ಪಾಂಡಾ ಹೆಚ್ಚು ಚುರುಕಾಗಿರುವುದಕ್ಕೆ ಬೇರೆ ಗುಟ್ಟೇನೂ ಇಲ್ಲ.

ಇನ್ನೊಂದು ಮುಖ್ಯ ಸಂಖ್ಯೆ, ಟಾರ್ಕ್, ಅಂದರೆ ಎಂಜಿನ್ ತಿರುಗಿಸುವ ಬಲ. 102 ನ್ಯೂಟನ್ ಮೀಟರ್ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಅದು ಪೂರ್ತಿ ಸಿಗುವುದು 2500 ಆರ್‌ಪಿಎಂನಲ್ಲಿ. ಹದಿನಾರು ವಾಲ್ವಿನ ಎಷ್ಟೋ ಸಣ್ಣ ಎಂಜಿನ್‌ಗಳು 4000 ದಾಟುವವರೆಗೆ ತೂಕಡಿಸುತ್ತಿರುತ್ತವೆ. ಪಾಂಡಾದ ಮೂರನೇ ಗೇರಿನಲ್ಲಿ 50 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದರೆ ಆರ್‌ಪಿಎಂ ಮುಳ್ಳು ಸುಮಾರು ಆ 2500ರ ಹತ್ತಿರವೇ ಇರುತ್ತದೆ. ಊರೊಳಗಿನ ವೇಗಮಿತಿಯೂ 50. ಹೀಗಾಗಿ ಟ್ಯೂರಿನ್‌ನ ನೇರ ರಸ್ತೆಗಳಲ್ಲಿ ಟ್ರಾಮ್ ಹಳಿ ದಾಟಿ, ಸಾಲುಮರಗಳ ಬದಿಯ ಓಣಿಗೆ ಹೊರಳಿ, ಮತ್ತೆ ದೊಡ್ಡ ರಸ್ತೆಗೆ ಸೇರುವಾಗ ಆಕ್ಸಿಲರೇಟರನ್ನು ಸ್ವಲ್ಪ ಒತ್ತಿದರೂ ಕಾರು ತಕ್ಷಣ ಮುಂದಕ್ಕೆ ಚಿಮ್ಮುತ್ತದೆ. 5000 ದಾಟಿಸಿದರೆ ಮಾತ್ರ ಬರೀ ಸದ್ದು. ಅಲ್ಲಿ ಇನ್ನೇನೋ ಬಚ್ಚಿಟ್ಟಿದೆ ಎಂದು ಹುಡುಕುವುದು ದಂಡ.

ಗೇರಿನ ಹಿಡಿ ನೆಲದ ಮೇಲಿಲ್ಲ, ಡ್ಯಾಶ್‌ಬೋರ್ಡಿನಿಂದ ಹೊರಚಾಚಿದೆ. ಸ್ಟೀರಿಂಗ್‌ನಿಂದ ಕೈ ತೆಗೆದರೆ ಒಂದು ಗೇಣಿನೊಳಗೆ ಸಿಗುತ್ತದೆ. ತೋಳು ಆಡಿಸಬೇಕಿಲ್ಲ, ಕಾವಲಿಯ ಮೇಲೆ ರೊಟ್ಟಿ ಮಗುಚಿದ ಹಾಗೆ ಮುಂಗೈ ತಿರುಗಿಸಿದರೆ ನಾಲ್ಕರಿಂದ ಮೂರಕ್ಕೆ ಬಂದಿರುತ್ತದೆ. ಇಷ್ಟು ಕಡಿಮೆ ಶಕ್ತಿಯ ಕಾರಿನಲ್ಲಿ ಗೇರ್ ಮತ್ತೆ ಮತ್ತೆ ಬದಲಿಸಲೇಬೇಕು. ಆ ಕೆಲಸ ಬೇಸರ ತರಿಸದಂತೆ ಮಾಡಿದ ವಿನ್ಯಾಸಕಾರನಿಗೆ ನಾನು ಘಾಟಿಯಲ್ಲಿ ಹಲವು ಸಲ ಮನಸ್ಸಿನಲ್ಲೇ ನಮಸ್ಕಾರ ಹೇಳಿದ್ದೇನೆ.

ಘಾಟಿ ಎಂದರೆ ಮೊನ್ಚೆನೀಸಿಯೊ. ಟ್ಯೂರಿನ್‌ನಿಂದ ಪಶ್ಚಿಮಕ್ಕೆ ಕಣಿವೆ ಹಿಡಿದು ಹೋದರೆ ಸೂಸಾ ಎಂಬ ಹಳೆಯ ಪಟ್ಟಣ ಸಿಗುತ್ತದೆ. ಅದು ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಮೇಲೆ ಘಾಟಿಯ ತಲೆ 2080 ಮೀಟರ್ ಆಸುಪಾಸು. ಅಷ್ಟು ಏರುವ ರಸ್ತೆ ಮೂವತ್ತು ಕಿಲೋಮೀಟರನ್ನೂ ಮುಟ್ಟುವುದಿಲ್ಲ. 1902ರಲ್ಲಿ ಇದೇ ಏರುದಾರಿಯ ರೇಸನ್ನು ವಿನ್ಚೆಂಜೊ ಲಾಂಚಾ ಗೆದ್ದದ್ದು ಫಿಯಟ್ ಕಾರಿನಲ್ಲಿ. ಮುಂದೆ ತನ್ನದೇ ಹೆಸರಿನ ಕಾರು ಕಂಪನಿ ಕಟ್ಟಿದ ಅದೇ ಲಾಂಚಾ.

ಇಲ್ಲಿ ಗಾಳಿಯದೇ ಒಂದು ತಕರಾರು. ಮೇಲೇರಿದಷ್ಟೂ ಗಾಳಿ ತೆಳುವಾಗುತ್ತದೆ, ಹಾಗಾಗಿ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಮೀಟರ್ ಎತ್ತರಕ್ಕೆ ತನ್ನ ಶಕ್ತಿಯಲ್ಲಿ ಸರಿಸುಮಾರು ಹತ್ತನೇ ಒಂದು ಭಾಗ ಕಳೆದುಕೊಳ್ಳುತ್ತದೆ. ಅಂದರೆ ಮೇಲೆ ತಲುಪುವ ಹೊತ್ತಿಗೆ ನನ್ನ ಅರವತ್ತು ಅಶ್ವಶಕ್ತಿಯಲ್ಲಿ ಉಳಿದಿರುವುದು ಐವತ್ತಕ್ಕೂ ಕಡಿಮೆ. ಆಗುಂಬೆಯಲ್ಲಿ ಈ ಸಮಸ್ಯೆ ಗೊತ್ತೇ ಆಗಿರಲಿಲ್ಲ, ಆ ಘಾಟಿಯ ತಲೆ ಇಲ್ಲಿಯ ಮೂರನೇ ಒಂದು ಭಾಗದಷ್ಟೂ ಎತ್ತರವಿಲ್ಲ. ಹಾಗಾಗಿ ಸೂಸಾದಿಂದ ಹೊರಟ ರೀತಿಯಲ್ಲೇ ಕೊನೆಯವರೆಗೆ ಓಡಿಸುತ್ತೇನೆ ಎಂದರೆ ಆಗುವುದಿಲ್ಲ. ಕೆಳಗೆ ಮೂರನೇ ಗೇರಿನಲ್ಲಿ ನಗುನಗುತ್ತ ಹತ್ತಿದ ಏರನ್ನೇ ಮೇಲೆ ಎರಡರಲ್ಲಿ ಹತ್ತಬೇಕು.

ನಾನು ರೂಢಿಸಿಕೊಂಡ ಕ್ರಮ ಹೀಗಿದೆ. ತಿರುವಿಗೆ ಬರುವ ಮೊದಲೇ, ರಸ್ತೆ ನೇರವಿರುವಾಗಲೇ ಬ್ರೇಕು ಒತ್ತಿ ಎರಡನೇ ಗೇರಿಗೆ ಇಳಿಸಿಬಿಡುತ್ತೇನೆ. ತಿರುವಿನ ಒಳಗೆ ಕಾಲು ಕ್ಲಚ್ಚಿನ ಮೇಲಿರಬಾರದು, ಕಾರು ಎಂಜಿನ್ನಿನ ಹಿಡಿತದಲ್ಲೇ ಇರಬೇಕು. ಹೊರಹೋಗುವ ದಾರಿ ಕಣ್ಣಿಗೆ ಬಿದ್ದ ಕೂಡಲೇ ಆಕ್ಸಿಲರೇಟರನ್ನು ಪೂರ್ತಿ ತುಳಿಯುತ್ತೇನೆ. ಹೌದು, ಪೂರ್ತಿ. ದೊಡ್ಡ ಎಂಜಿನ್ನಿನ ಕಾರಿನಲ್ಲಿ ಹೀಗೆ ಮಾಡಿದರೆ ಮುಂದಿನ ಚಕ್ರ ಜಾರಿ ಕಾರು ಅಂಚಿಗೆ ಹೋದೀತು. ಇಲ್ಲಿ ಒಣ ರಸ್ತೆಯಲ್ಲಿ ಚಕ್ರ ಜಾರಿಸುವಷ್ಟು ಶಕ್ತಿಯೇ ಇಲ್ಲ. ಗಳಿಸಿದ ವೇಗವನ್ನು ಕಳೆದುಕೊಳ್ಳದೆ ಇರುವುದೇ ಇಲ್ಲಿನ ಕಸುಬು. ಒಮ್ಮೆ ಕಳೆದುಕೊಂಡ ಹತ್ತು ಕಿಲೋಮೀಟರ್ ವೇಗವನ್ನು ಏರಿನಲ್ಲಿ ಮರಳಿ ಪಡೆಯಲು ಮುಂದಿನ ತಿರುವಿನವರೆಗೂ ಒದ್ದಾಡಬೇಕಾಗುತ್ತದೆ. ಎ.ಸಿ. ಆರಿಸುವುದೂ ಈ ಕ್ರಮದ ಭಾಗ. ಕಂಪ್ರೆಸರ್ ತಿನ್ನುವ ಶಕ್ತಿ ದೊಡ್ಡ ಕಾರಿನಲ್ಲಿ ಗೊತ್ತಾಗುವುದಿಲ್ಲ, ಇಲ್ಲಿ ಗುಂಡಿ ಒತ್ತಿದ ಕ್ಷಣ ಕಾರಿನ ಬೆನ್ನಿನಿಂದ ಯಾರೋ ಇಳಿದಂತಾಗುತ್ತದೆ. ಹೇಗಿದ್ದರೂ ಸಾವಿರ ಮೀಟರ್ ದಾಟಿದ ಮೇಲೆ ಕಿಟಕಿ ತೆರೆದರೆ ಸಾಕು.

ತಿರುವಿನಲ್ಲಿ ಕಾರು ವಾಲುತ್ತದೆ, ಚೆನ್ನಾಗಿಯೇ ವಾಲುತ್ತದೆ. ಎತ್ತರ 1.54 ಮೀಟರ್, ಅಗಲವೂ ಹೆಚ್ಚುಕಡಿಮೆ ಅಷ್ಟೇ. ಪಕ್ಕದಲ್ಲಿ ಕುಳಿತವರು ಮೊದಲ ಎರಡು ತಿರುವಿಗೆ ಮೇಲಿನ ಹಿಡಿ ಹುಡುಕುತ್ತಾರೆ. ಆದರೆ ವಾಲುವುದಕ್ಕೂ ಜಾರುವುದಕ್ಕೂ ವ್ಯತ್ಯಾಸವಿದೆ. ಸ್ಪ್ರಿಂಗ್ ಒಂದು ಬದಿಗೆ ಕುಸಿದು ನಿಂತ ಮೇಲೆ 155/80 ಆರ್13ರ ಸಪೂರ ಟೈರುಗಳು ರಸ್ತೆಯನ್ನು ಬಿಡದೆ ಹಿಡಿಯುತ್ತವೆ. ಮಿತಿ ಮೀರಿದರೂ ಮುಂದಿನ ಚಕ್ರ ಕೀರಲು ದನಿಯಲ್ಲಿ ಮೊದಲೇ ಎಚ್ಚರಿಸುತ್ತದೆ. ಆ ಕಿರಿದಾದ ಟೈರುಗಳೇ ಹಿಮದ ಮೇಲೆ ಅಗಲದ ಟೈರುಗಳಿಗಿಂತ ಚೆನ್ನಾಗಿ ನಡೆಯುತ್ತವೆ. ಚಳಿಗಾಲದ ಟೈರು ಇಲ್ಲವೇ ಹಿಮದ ಸರಪಳಿ ಕಡ್ಡಾಯವಿರುವ ನವೆಂಬರ್ 15ರಿಂದ ಏಪ್ರಿಲ್ 15ರವರೆಗಿನ ತಿಂಗಳುಗಳಲ್ಲಿ, ಅಳತೆ ಚಿಕ್ಕದಾದ್ದರಿಂದ ಖರ್ಚೂ ಕಡಿಮೆ.

ಸ್ಟೀರಿಂಗ್ ವಿಷಯದಲ್ಲಿ ಹೊಗಳುವಂಥದ್ದು ಹೆಚ್ಚಿಲ್ಲ. ವಿದ್ಯುತ್ ಮೋಟಾರಿನ ನೆರವಿರುವ ಸ್ಟೀರಿಂಗ್ ಇದು. ‘ಸಿಟಿ’ ಎಂದು ಬರೆದ ಗುಂಡಿ ಒತ್ತಿದರೆ ಒಂದೇ ಬೆರಳಿನಲ್ಲಿ ತಿರುಗಿಸುವಷ್ಟು ಹಗುರವಾಗುತ್ತದೆ. ಎರಡು ಕಾರುಗಳ ನಡುವೆ ತೂರಿಸಿ ನಿಲ್ಲಿಸುವಾಗ ಅದು ವರವೇ ಸರಿ. ಘಾಟಿಯಲ್ಲಿ ಮಾತ್ರ ರಸ್ತೆಯ ಸುದ್ದಿ ಅಂಗೈಗೆ ತಲುಪುವುದಿಲ್ಲ. ಟೈರು ಏನು ಮಾಡುತ್ತಿದೆ ಎಂಬುದನ್ನು ಕೈಯಿಂದಲ್ಲ, ಕುಳಿತ ಸೀಟಿನಿಂದ ತಿಳಿಯಬೇಕು.

ಊರಿನಿಂದ ಬಂದಿದ್ದ ಅಮ್ಮನಿಗೆ ಇದ್ಯಾವುದೂ ಬೇಕಿರಲಿಲ್ಲ. ಬಾಗಿಲು ತೆರೆದು ನೇರವಾಗಿ ಕುಳಿತು, “ನಿನ್ನ ಗೆಳೆಯನ ದೊಡ್ಡ ಕಾರಿಗಿಂತ ಇದೇ ಮೇಲು ಕಣಪ್ಪ. ಮಂಡಿ ಬಗ್ಗಿಸಿ ಗುಂಡಿಗೆ ಇಳಿದ ಹಾಗೆ ಇಳಿಯಬೇಕಿಲ್ಲ” ಎಂದರು. ಸೀಟು ಎತ್ತರದಲ್ಲಿರುವುದರ ನಿಜವಾದ ಲಾಭ ಅದು. ಡಿಕ್ಕಿ 206 ಲೀಟರ್ ಮಾತ್ರ. ವಿಮಾನದ ದೊಡ್ಡ ಸೂಟ್‌ಕೇಸ್ ಒಂದು ಹಿಡಿಯಿತು, ಎರಡನೆಯದು ಹಿಂದಿನ ಸೀಟಿನಲ್ಲಿ ಪ್ರಯಾಣಿಸಿತು.

ಇಂಥ ಕಾರು ಹುಡುಕುವವರಿಗೆ ನಾನು ನೋಡಿದ ರೀತಿ ಹೇಳುತ್ತೇನೆ. ಮಾರುವವರಿಗೆ ಮೊದಲೇ ಫೋನ್ ಮಾಡಿ, ನಾನು ಬರುವವರೆಗೆ ಎಂಜಿನ್ ಚಾಲೂ ಮಾಡಬೇಡಿ ಎಂದು ಕೇಳಿಕೊಂಡಿದ್ದೆ. ತಣ್ಣಗಿನ ಎಂಜಿನ್ ಮುಚ್ಚುಮರೆ ಮಾಡುವುದಿಲ್ಲ. ಚಾಲೂ ಮಾಡಿದ ಕೂಡಲೇ ಸಿಟಿ ಗುಂಡಿ ಒತ್ತಿ, ನಿಂತಲ್ಲೇ ಸ್ಟೀರಿಂಗನ್ನು ಎರಡೂ ಕಡೆಯ ಕೊನೆಯವರೆಗೆ ತಿರುಗಿಸಿದೆ. ಈ ಮಾದರಿಯಲ್ಲಿ ಆ ಮೋಟಾರು ಕೈಕೊಡುವುದು ಹೆಸರಾದ ಕಾಯಿಲೆ, ದುರಸ್ತಿಯ ಖರ್ಚು ಹಳೆಯ ಕಾರಿನ ಬೆಲೆಗೆ ಹೊಂದುವುದಿಲ್ಲ. ನಂತರ ನೆಲಕ್ಕೆ ರಟ್ಟು ಹಾಸಿ ಮಲಗಿ, ಮೊಬೈಲಿನ ಬೆಳಕಿನಲ್ಲಿ ಎಂಜಿನ್ ಆಯಿಲ್ ತುಂಬಿರುವ ತಳದ ತಟ್ಟೆಯನ್ನು ನೋಡಿದೆ. ಚಳಿಗಾಲದಲ್ಲಿ ರಸ್ತೆಗೆ ಚೆಲ್ಲುವ ಉಪ್ಪು ಅದನ್ನು ತಿಂದುಹಾಕುತ್ತದೆ. ನನ್ನದರಲ್ಲಿ ಬಣ್ಣ ಹೊಪ್ಪಳೆದ್ದಿತ್ತು, ಉಗುರಿನಿಂದ ಕೆರೆದರೆ ತುಕ್ಕಿನ ಪುಡಿ ಉದುರಿತು, ಜಿನುಗು ಇರಲಿಲ್ಲ. ಹಿಂದಿನ ಆಕ್ಸಲ್‌ನಲ್ಲಿ ಸ್ಪ್ರಿಂಗ್ ಕೂರುವ ಜಾಗವನ್ನೂ ಹಾಗೆಯೇ ಕೆರೆದು ನೋಡಿದೆ. ತಟ್ಟೆಯ ಖರ್ಚನ್ನು ಬೆಲೆಯಲ್ಲಿ ಮುರಿಸಿಕೊಂಡು ಖರೀದಿಸಿದೆ.

ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ಆಡಿಸುವ ಟೈಮಿಂಗ್ ಬೆಲ್ಟನ್ನು ಮೊದಲ ವಾರವೇ ಬದಲಾಯಿಸಿದೆ. 60 ಅಶ್ವಶಕ್ತಿಯ ಈ ಎಂಟು ವಾಲ್ವಿನ ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೂ ವಾಲ್ವು ಪಿಸ್ಟನ್ನಿಗೆ ಬಡಿಯುವುದಿಲ್ಲ, ಕಾರು ನಿಂತುಬಿಡುತ್ತದೆ ಅಷ್ಟೆ. ಆದರೆ ನೀರಿನ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್. ಆದ್ದರಿಂದ ಎರಡನ್ನೂ ಒಟ್ಟಿಗೆ ಹಾಕಿಸುವುದು ಜಾಣತನ. ಮುಂದೆ ಬಂದ 69 ಅಶ್ವಶಕ್ತಿಯ ಎಂಜಿನ್ನಿಗೆ ಈ ಕ್ಷಮಾಗುಣ ಇಲ್ಲ, ಕೊಳ್ಳುವವರು ಗಮನಿಸಬೇಕು.

ಮೊದಲ ವರ್ಷಗಳ ಈ ಕಾರಿಗೆ ಕಂಪನಿ ಹೇಳಿದ ಇಂಧನ ಲೆಕ್ಕ 100 ಕಿಲೋಮೀಟರಿಗೆ 5.6 ಲೀಟರ್, ಅಂದರೆ ಲೀಟರಿಗೆ ಹದಿನೆಂಟಕ್ಕೆ ಒಂದಿಷ್ಟು ಕಡಿಮೆ. ಬಯಲಿನ ಊರುಗಳ ನಡುವೆ ತಾಳ್ಮೆಯಿಂದ ಓಡಿಸಿದರೆ ಅದು ಸಿಗುತ್ತದೆ. ಘಾಟಿಯಲ್ಲಿ ನಾನು ತುಳಿಯುವ ರೀತಿಗೆ ಖಂಡಿತ ಸಿಗುವುದಿಲ್ಲ. ಇಳಿಯುವಾಗಲೂ ಎರಡನೇ ಗೇರಿನಲ್ಲೇ ಇಳಿಯುತ್ತೇನೆ. ಮುಂದೆ ಡಿಸ್ಕ್, ಹಿಂದೆ ಡ್ರಮ್ ಇರುವ ಬ್ರೇಕುಗಳಿಗೆ ಒಂದೂವರೆ ಸಾವಿರ ಮೀಟರಿನ ಇಳಿಜಾರನ್ನು ಪೂರ್ತಿ ಒಪ್ಪಿಸುವುದು ಸರಿಯಲ್ಲ.

ಹೆದ್ದಾರಿಯಲ್ಲಿ ಮಾತ್ರ ಈ ಕಾರಿನ ಪರ ವಕಾಲತ್ತು ಮಾಡಲಾರೆ. 130ರ ಮಿತಿಯಲ್ಲಿ ಮುಳ್ಳು 4000ದ ಹತ್ತಿರ ಹೋಗಿರುತ್ತದೆ, ಎತ್ತರದ ದೇಹಕ್ಕೆ ಅಡ್ಡಗಾಳಿ ಬಡಿಯುತ್ತದೆ, ಲಾರಿ ದಾಟುವಷ್ಟರಲ್ಲಿ ಹಿಂದೆ ಯಾರೋ ದೀಪ ಮಿಣುಕಿಸುತ್ತಿರುತ್ತಾರೆ. 2004ರ ಅಪಘಾತ ಪರೀಕ್ಷೆಯಲ್ಲಿ ಇದಕ್ಕೆ ಸಿಕ್ಕದ್ದು ಐದರಲ್ಲಿ ಮೂರು ನಕ್ಷತ್ರ ಎಂಬುದೂ ಆಗ ನೆನಪಾಗುತ್ತದೆ. ಮಿಲಾನ್‌ಗೆ ಹೋಗಬೇಕಾದ ದಿನ ನಾನು ರೈಲು ಹಿಡಿಯುತ್ತೇನೆ.